ಏನೂ ತಿಂದಿಲ್ರೀ

ನಾನು ಜನರನ್ನು ಮಲಗಿಸುವ ಡಾಕ್ಟರು. ‘ಅರಿವಳಿಕೆ ತಜ್ಞೆ’ ಎಂದು ಮನೆಯ ಮುಂದಿನ ಬೋರ್ಡಿನಲ್ಲಿ ಬರೆಸಿದ್ದೇನೆ. ಸಿಂಧನೂರಿನಲ್ಲಿ ಆ ಬೋರ್ಡನ್ನು ಪೂರ್ತಿ ಓದಿದವನು ಅದನ್ನು ಬರೆದ ಪೇಂಟರ್ ಒಬ್ಬನೇ ಇರಬೇಕು. ಮಿಕ್ಕವರಿಗೆಲ್ಲ ನಾನು ‘ಮತ್ತು ಕೊಡೋ ಡಾಕ್ಟರಮ್ಮ’. ಆಪರೇಷನ್ ಸುಸೂತ್ರವಾಗಿ ಮುಗಿದರೆ ಶಾಲು, ತೆಂಗಿನಕಾಯಿ, ಕಾಲಿಗೆ ಬೀಳುವುದು ಎಲ್ಲ ಸರ್ಜನ್ನರಿಗೆ. ಏನಾದರೂ ಎಡವಟ್ಟಾದರೆ ಮಾತ್ರ ಊರಿಗೆಲ್ಲ ನನ್ನ ನೆನಪಾಗುತ್ತದೆ, ‘ಮತ್ತು ಜಾಸ್ತಿ ಆಯಿತಂತೆ’ ಎಂದು. ಇಷ್ಟು ವರ್ಷದ ನೌಕರಿಯಲ್ಲಿ ಚೆನ್ನಾಗಿ ಎಬ್ಬಿಸಿದಿರಿ ಎಂದು ಹೇಳಿದ ರೋಗಿ ಒಬ್ಬರೂ ಇಲ್ಲ. ಮಲಗಿಸುವುದು ದೊಡ್ಡ ವಿದ್ಯೆಯಲ್ಲ, ಮಲಗಿಸಿದವರನ್ನು ಅಷ್ಟೂ ಹೊತ್ತು ಕಾಯ್ದು ಎಬ್ಬಿಸುವುದೇ ವಿದ್ಯೆ ಎಂದು ತಿಳಿಸಿ ಹೇಳೋಣವೆಂದರೆ, ಎದ್ದವರು ಆಗಲೇ ಚಹಾ ಎಲ್ಲಿ ಎಂದು ಕೇಳುತ್ತಿರುತ್ತಾರೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರುಗಳಿಗೆ ಸೇರಿ ನಮ್ಮಂಥವರು ಬೆರಳೆಣಿಕೆಯಷ್ಟು. ಹೀಗಾಗಿ ನನ್ನ ಕಾರೇ ನನ್ನ ಕ್ಲಿನಿಕ್ಕು. ಬೆಳಿಗ್ಗೆ ಸಿಂಧನೂರಿನಲ್ಲಿ ಹರ್ನಿಯಾ, ಮಧ್ಯಾಹ್ನ ಮಸ್ಕಿಯಲ್ಲಿ ಹೆರಿಗೆ, ಸಂಜೆ ಲಿಂಗಸುಗೂರಿನಲ್ಲಿ ಮುರಿದ ಕಾಲು. ದಾರಿಯಲ್ಲಿ ಭತ್ತದ ಟ್ರಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡು ತೆವಳುತ್ತಿರುವಾಗ ಸರ್ಜನ್ನರು ಫೋನು ಮಾಡಿ ಎಲ್ಲಿದ್ದೀರಿ ಎನ್ನುತ್ತಾರೆ. ನಾನು ಎಲ್ಲೇ ಇದ್ದರೂ ಮಸ್ಕಿ ದಾಟಿದೆ ಎನ್ನುತ್ತೇನೆ. ಅವರು ಅದನ್ನೇ ರೋಗಿಗೆ, ಮೇಡಂ ಬಾಗಿಲಿಗೆ ಬಂದಿದ್ದಾರೆ ಎಂದು ದಾಟಿಸುತ್ತಾರೆ. ನಾವು ಇಷ್ಟೆಲ್ಲ ಸತ್ಯವಂತರಾಗಿದ್ದುಕೊಂಡು, ಟೇಬಲ್ಲಿನ ಮೇಲೆ ಮಲಗಿದ ರೋಗಿ ಮಾತ್ರ ನಮಗೆ ಸುಳ್ಳು ಹೇಳಬಾರದು ಎಂದು ಬಯಸುತ್ತೇವೆ.

ರೋಗಿಗಳಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ಕೊನೆಗೆ ಯಾವಾಗ ತಿಂದಿರಿ, ಯಾವಾಗ ಕುಡಿದಿರಿ ಎಂದು. ಎಲ್ಲರ ಉತ್ತರವೂ ಒಂದೇ: ‘ಏನೂ ತಿಂದಿಲ್ರೀ.’ ಬಾಯಿ ಹಾಗೆನ್ನುತ್ತಿರುವಾಗ ಮೀಸೆಯ ಮೇಲಿನ ಚಹಾದ ಕೆನೆ ಬೇರೆಯೇ ಹೇಳುತ್ತಿರುತ್ತದೆ. ಒಬ್ಬ ಯಜಮಾನರು ಎರಡು ಬಾಳೆಹಣ್ಣು ತಿಂದು ಬಂದಿದ್ದರು. ಕೇಳಿದರೆ, ಅದು ಹಣ್ಣಲ್ಲ, ಪ್ರಸಾದ ಎಂದು ವಾದಕ್ಕೆ ನಿಂತರು. ಪ್ರಸಾದ ಹೊಟ್ಟೆಗೆ ಹೋಗದೆ ಮತ್ತೆಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ, ಇವಳಿಗೆ ದೇವರು ದಿಂಡರು ಇಲ್ಲ ಎಂಬಂತೆ ನೋಡಿದರು. ಒಬ್ಬಾಕೆ ಗಂಡನಿಗೆ ಬಟ್ಟಲು ತುಂಬ ಹಾಲು ಕುಡಿಸಿ ಕರೆತಂದಿದ್ದಳು. ಹಾಲನ್ನು ಕೂಸುಗಳೂ ಕುಡಿಯುತ್ತವೆ, ಅದರಿಂದ ಏನಾಗುತ್ತದೆ ಎಂಬುದು ಅವಳ ಸಮಜಾಯಿಷಿ.

ಏನಾಗುತ್ತದೆ ಎಂದರೆ, ಮತ್ತು ಹತ್ತಿದಾಗ ಮನುಷ್ಯನ ಜೊತೆಗೆ ಅವನ ಗಂಟಲಿನ ಕಾವಲೂ ಮಲಗಿಬಿಡುತ್ತದೆ. ಎಚ್ಚರ ಇದ್ದಾಗ ಒಂದು ಅಗುಳು ದಾರಿ ತಪ್ಪಿದರೂ ಕೆಮ್ಮಿ ಹೊರಗೆ ಹಾಕುತ್ತೇವೆ. ಮತ್ತಿನಲ್ಲಿ ಆ ಕೆಮ್ಮು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಹುಳಿಯ ಸಮೇತ ಮೇಲಕ್ಕೆ ಬಂದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆ ಆದವರಲ್ಲಿ ಕೆಲವರನ್ನು ವೆಂಟಿಲೇಟರಿಗೆ ಹಾಕಿ ದೊಡ್ಡೂರಿಗೆ ಕಳಿಸಬೇಕಾಗುತ್ತದೆ, ಹೋದವರೆಲ್ಲ ವಾಪಸು ಬರುವುದಿಲ್ಲ. ಇದನ್ನು ಕೈ ಬಾಯಿ ತಿರುಗಿಸಿ ಎಷ್ಟು ಹೇಳಿದರೂ ಮಂದಿ ತಲೆಯಾಡಿಸುತ್ತಾರೆ, ನಾನು ಅತ್ತ ಹೋದ ಮೇಲೆ ಡಬ್ಬಿ ಬಿಚ್ಚುತ್ತಾರೆ.

ನಮ್ಮ ಕಡೆಯವರಿಗೆ ಉಪವಾಸ ಗೊತ್ತಿಲ್ಲ ಎಂದಲ್ಲ. ಸೋಮವಾರ, ಶನಿವಾರ, ಏಕಾದಶಿ, ಅಮಾವಾಸ್ಯೆ ಎಂದು ವಾರಕ್ಕೊಂದು ಹೊತ್ತಾದರೂ ಒಲೆಯ ಮುಂದೆ ಕೂತು ಹಸಿದಿರಬಲ್ಲರು. ದೇವರಿಗಾಗಿ ದಿನಗಟ್ಟಲೆ ಹನಿ ನೀರು ಮುಟ್ಟದವರು ತಮ್ಮ ಜೀವಕ್ಕಾಗಿ ಒಂದು ಮುಂಜಾನೆ ತಡೆಯಲಾರರು. ಆಪರೇಷನ್ ಎಂದು ಸುದ್ದಿಯಾದ ಕೂಡಲೇ ಗೊರೇಬಾಳದಿಂದ ಒಬ್ಬರು, ಸಾಲಗುಂದದಿಂದ ಇಬ್ಬರು ‘ಮಾತಾಡಿಸಿ ಹೋಗಾಕ’ ಬರುತ್ತಾರೆ. ಬಂದವರು ತಮ್ಮ ಕೈಯಿಂದ ಒಂದು ತುತ್ತಾದರೂ ತಿನ್ನಿಸಿಯೇ ಹೋಗಬೇಕು. ಒಳಗೆ ಹೋಗುವವರನ್ನು ಬರೀ ಹೊಟ್ಟೆಯಲ್ಲಿ ಕಳಿಸಬಾರದು ಎಂಬುದು ಇಲ್ಲಿಯ ಶಾಸ್ತ್ರ. ಈ ಶಾಸ್ತ್ರ ಹುಟ್ಟಿಸಿದವನು ನನ್ನ ಕೈಗೆ ಸಿಕ್ಕಿದ್ದರೆ ಅವನಿಗೆ ಮತ್ತು ಕೊಡದೆಯೇ ಆಪರೇಷನ್ ಮಾಡಿಸುತ್ತಿದ್ದೆ.

ಇಂಥ ನನ್ನ ಮನೆಯಲ್ಲೇ ಆಪರೇಷನ್ ಬಂತು. ನನ್ನ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು. ಮದುವೆ ಊಟ ಉಂಡು ಬಂದ ರಾತ್ರಿಯೆಲ್ಲ ಬಲಪಕ್ಕೆ ಹಿಡಿದುಕೊಂಡು ನರಳುವುದು, ಮುಂದಿನ ಮದುವೆಗೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ನಿಲ್ಲುವುದು, ಹೀಗೆ ಎರಡು ವರ್ಷ ದೂಡಿದರು. ಕೊನೆಗೊಮ್ಮೆ ನೋವು ತಡೆಯಲಾರದೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕಲ್ಲು ತೆಗೆಯುವ ದುರ್ಬೀನು ಆಪರೇಷನ್‌ಗೆ ಒಪ್ಪಿಕೊಂಡರು. ಸಿಂಧನೂರಿನಲ್ಲೇ ನಾನು ದಿನವೂ ಹೋಗುವ ನರ್ಸಿಂಗ್ ಹೋಮಿನಲ್ಲಿ ಎಂದು ಗೊತ್ತುಮಾಡಿದೆವು.

ಅರಿವಳಿಕೆ ಕೊಡಲು ಮಾತ್ರ ಲಿಂಗಸುಗೂರಿನಿಂದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರನ್ನು ಕರೆಸಿದೆ. ಸ್ವಂತ ಮನೆಯವರಿಗೆ ನಾವೇ ಕೊಡಬಾರದೆಂಬುದು ನಮ್ಮಲ್ಲಿ ವಾಡಿಕೆ. ಇದು ಅತ್ತೆಗೆ ದೊಡ್ಡ ಅವಮಾನವಾಯಿತು. ಮನೆಯಲ್ಲಿ ಸೂಜಿ ಚುಚ್ಚುವವಳನ್ನು ಇಟ್ಟುಕೊಂಡು ಹೊರಗಿನವರಿಗೆ ಹೇಳಿಕಳಿಸಬೇಕೇ, ಊರ ಮಂದಿಗೆಲ್ಲ ಚುಚ್ಚುವವಳಿಗೆ ನಾನು ಮಾತ್ರ ಹೊರಗಿನವಳಾದೆನೇ ಎಂದು ಬಂದವರ ಮುಂದೆಲ್ಲ ಹೇಳಿಕೊಂಡರು. ನಾನು ಮದುವೆಯಾಗಿ ಬಂದ ದಿನದಿಂದ ಅವರ ಲೆಕ್ಕದಲ್ಲಿ ನಾನು ಸೂಜಿ ಚುಚ್ಚುವವಳೇ. ಅಷ್ಟು ಓದಿ ನರ್ಸ್ ಕೆಲಸ ಮಾಡುತ್ತಾಳೆ ಎಂದು ಅವರ ತವರಿನಲ್ಲಿ ನನ್ನ ಬಗ್ಗೆ ಕನಿಕರವೂ ಇದೆ.

ಹಿಂದಿನ ಸಂಜೆಯೇ ಅತ್ತೆಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಜವಳಗೇರಾದಿಂದ ನಾದಿನಿ, ಅಂದರೆ ನನ್ನ ಗಂಡನ ತಂಗಿ, ಬಸ್ಸಿನಲ್ಲಿ ಬಂದಿಳಿದಳು. ಅವಳ ಕೈಯಲ್ಲಿದ್ದ ಡಬ್ಬಿಯನ್ನು ನಾನು ಬಾಗಿಲಲ್ಲೇ ಕಸಿದುಕೊಂಡು ಕಾರಿನಲ್ಲಿಟ್ಟು ಬೀಗ ಹಾಕಿದೆ. ಮಂಚದ ಮೇಲೆ ‘ಬಾಯಿಂದ ಏನೂ ಕೊಡಬಾರದು’ ಎಂಬ ಫಲಕ ತೂಗಹಾಕಿಸಿದೆ. ಬೆಳಗಿನ ಜಾವ ಮಸ್ಕಿಯಿಂದ ಫೋನು ಬಂತು, ತುರ್ತು ಹೆರಿಗೆ, ಕೂಸಿನ ಎದೆಬಡಿತ ಇಳಿಯುತ್ತಿದೆ ಎಂದು. ಹೋಗಲೇಬೇಕು. ಹೋಗುವ ಮುಂಚೆ ಗಂಡನನ್ನು ಅತ್ತೆಯ ಮಂಚದ ಪಕ್ಕ ಕೂರಿಸಿ, ನಾನು ಬರುವ ತನಕ ನೀರು ಸಹ ಕೊಡಕೂಡದು ಎಂದು ಎರಡೆರಡು ಸಲ ಹೇಳಿದೆ. ನನ್ನ ಗಂಡ ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ಅನ್ನನಾಳ ಎಲ್ಲಿ, ಶ್ವಾಸನಾಳ ಎಲ್ಲಿ, ನಡುವೆ ಮುಚ್ಚಳ ಹೇಗೆ ಬೀಳುತ್ತದೆ ಎಂದು ಪ್ರತಿ ವರ್ಷ ಬಣ್ಣಬಣ್ಣದ ಚಾಕ್‌ಪೀಸಿನಲ್ಲಿ ಚಿತ್ರ ಬರೆದು ಹುಡುಗರಿಗೆ ತೋರಿಸುವ ಮನುಷ್ಯ. ಇವರಿಗಿಂತ ಒಳ್ಳೆಯ ಕಾವಲು ಬೇರೆ ಯಾರಿದ್ದಾರೆ ಎಂದುಕೊಂಡು ನಾನು ನಿಶ್ಚಿಂತೆಯಿಂದ ಕಾರು ಹತ್ತಿದೆ.

ಮಸ್ಕಿಯ ಕೂಸು ಚೆನ್ನಾಗಿಯೇ ಅತ್ತಿತು. ಅದನ್ನು ಅದರ ತಾಯಿಗೆ ಒಪ್ಪಿಸಿ ನಾನು ಸಿಂಧನೂರಿಗೆ ಓಡಿ ಬರುವಷ್ಟರಲ್ಲಿ ಅತ್ತೆಯನ್ನು ಒಳಗೆ ಒಯ್ದಿದ್ದರು. ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಅಣ್ಣತಂಗಿ ಕೂತಿದ್ದರು. ನಾದಿನಿ ಕಣ್ಣು ಮುಚ್ಚಿ ಪಂಚಾಕ್ಷರಿ ಜಪ ಮಾಡುತ್ತಿದ್ದಳು. ಗಂಡ ಗೋಡೆಯ ಮೇಲಿನ ಕುಟುಂಬ ಯೋಜನೆಯ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಆ ಮನೆಯಲ್ಲಿ ನನ್ನನ್ನು ಕಂಡು ಯಾರೂ ಎದ್ದು ನಿಂತವರಲ್ಲ, ಅಲ್ಲೇ ನನಗೆ ಅನುಮಾನ ಬಂತು.

ಬೆಂಚಿನ ಕೆಳಗೆ ಎಣ್ಣೆ ಕುಡಿದ ಪೇಪರಿನ ಉಂಡೆ ಬಿದ್ದಿತ್ತು. ಕಾಲಿನಿಂದ ಎಳೆದೆ. ಒಳಗೆ ಒಗ್ಗರಣೆ ಮಂಡಕ್ಕಿಯ ಹಳದಿ ಚೂರುಗಳು, ಜೊತೆಗೆ ಮೆಣಸಿನಕಾಯಿಯ ನಾಲ್ಕೈದು ತೊಟ್ಟುಗಳು. ಸಿಂಧನೂರಿನ ಮುಂಜಾನೆ ಎಂದರೆ ಇದೇ, ತಳ್ಳುಗಾಡಿಯ ಮುಂದೆ ನಿಂತು ಒಗ್ಗರಣೆ ಮತ್ತು ಬಿಸಿ ಮಿರ್ಚಿ ಬಜ್ಜಿ ತಿಂದು ತೊಟ್ಟು ಪೇಪರಿನಲ್ಲಿ ಬಿಟ್ಟು ಹೋಗುವುದು. ಯಾರು ತಿಂದದ್ದು ಎಂದೆ. ನಾನೇ ತಿಂದೆ ಎಂದಳು ನಾದಿನಿ, ಕಣ್ಣು ಮಿಟುಕಿಸದೆ.

ಅವತ್ತು ಶ್ರಾವಣ ಸೋಮವಾರ. ನಾದಿನಿ ಶ್ರಾವಣದ ಸೋಮವಾರ ಸಂಜೆ ದೀಪ ಹಚ್ಚುವ ತನಕ ಎಂಜಲು ಸಹ ನುಂಗದವಳು. ಇನ್ನು ನನ್ನ ಗಂಡ ಆಸಿಡಿಟಿಯ ಆಸಾಮಿ, ಮಿರ್ಚಿಯ ವಾಸನೆಗೇ ಎದೆ ಉರಿಸಿಕೊಳ್ಳುವವರು. ಬೆಂಚಿನ ಮೇಲೆ ಕೂತವರಲ್ಲಿ ಮಿರ್ಚಿ ತಿನ್ನುವ ಬಾಯಿ ಒಂದೂ ಇರಲಿಲ್ಲ. ಅದನ್ನು ತಿಂದ ಬಾಯಿ ಒಳಗೆ ಟೇಬಲ್ಲಿನ ಮೇಲೆ ಮಲಗಿತ್ತು. ಗಂಡನ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

‘ಅವ್ವ ಭಾಳ ಕೇಳಿದಳು. ನಾ ಬರೇ ತಂದು ಕೊಟ್ಟೆ, ತಿನ್ನಿಸಿದ್ದು ಆಕಿ’ ಎಂದರು, ತಂಗಿಯ ಕಡೆ ಕೈ ತೋರಿಸಿ.

ಜಗಳಕ್ಕೆ ಸಮಯವಿರಲಿಲ್ಲ. ಚಪ್ಪಲಿ ಬಿಟ್ಟು, ಟೋಪಿ ಮಾಸ್ಕು ಕೈಗೆ ಸಿಕ್ಕಂತೆ ಸಿಕ್ಕಿಸಿಕೊಂಡು ಒಳಗೆ ನುಗ್ಗಿದೆ. ಅತ್ತೆ ಹಸಿರು ಬಟ್ಟೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದರು. ಸಹೋದ್ಯೋಗಿ ಅವರ ಕೈಯ ಸಲೈನಿಗೆ ಸಿರಿಂಜು ಜೋಡಿಸಿ ಹೆಬ್ಬೆರಳು ಇಟ್ಟಿದ್ದರು. ಇನ್ನೊಂದು ಉಸಿರು ತಡವಾಗಿದ್ದರೆ ಔಷಧ ಹೋಗಿಯೇ ಬಿಡುತ್ತಿತ್ತು.

‘ನಿಲ್ಲಿಸ್ರಿ ಸರ್. ಹೊಟ್ಟಿ ತುಂಬ ಮಿರ್ಚಿ ಅದ’ ಎಂದೆ.

ಅವರು ಹೆಬ್ಬೆರಳು ತೆಗೆದರು, ಆದರೆ ನಂಬಲಿಲ್ಲ. ಏನಾದರೂ ತಿಂದಿದ್ದೀರಾ ಎಂದು ಅತ್ತೆಯನ್ನು ಕೇಳಿದ್ದಿರಾ ಎಂದರೆ, ಕೇಳಲಿಲ್ಲವಂತೆ. ಮೇಡಂ ಮನೆಯವರು, ಮೇಡಂ ಅತ್ತೆ, ಇಂಥ ಮನೆಯಲ್ಲಿ ಉಪವಾಸ ಇದ್ದೀರಾ ಎಂದು ಕೇಳಿದರೆ ನಿಮ್ಮನ್ನೇ ಅನುಮಾನಿಸಿದ ಹಾಗಾಗುತ್ತದೆ ಎಂದು ಸಂಕೋಚಪಟ್ಟು ಬಿಟ್ಟರಂತೆ. ನಮ್ಮ ಕಡೆಯ ಮರ್ಯಾದೆ ಎಂದರೆ ಹೀಗೆ. ಗೊತ್ತಿಲ್ಲದ ಕೂಲಿಯವನನ್ನು ನಾಲ್ಕು ಸಲ ಗದರಿಸಿ ಕೇಳುತ್ತೇವೆ, ಅವನು ಬದುಕುತ್ತಾನೆ. ಬೇಕಾದವರನ್ನು ಕೇಳುವುದೇ ಇಲ್ಲ, ಗೌರವದಿಂದ ಸಾಯಿಸುತ್ತೇವೆ. ಶಾಸಕರ ಬೀಗರು, ಡಾಕ್ಟರ ಅತ್ತೆ, ಇವರೆಲ್ಲ ಟೇಬಲ್ಲಿನ ಮೇಲೆ ಮಲಗಿದರೆ ನನಗೆ ಮೊದಲಿಂದಲೂ ಅಂಜಿಕೆ.

ಅತ್ತೆ ಕಣ್ಣು ಬಿಟ್ಟರು. ನಾನು ಬಗ್ಗಿ, ಏನು ತಿಂದಿರಿ ಎಂದು ಕೇಳಿದೆ. ‘ಏನೂ ತಿಂದಿಲ್ಲ’ ಎಂದರು, ಅಷ್ಟೂ ಮಂದಿಯ ಎದುರಿಗೆ, ಮುಂದಿನ ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಎಲೆ ಸಿಕ್ಕಿಸಿಕೊಂಡು. ಬಾಯಿಂದ ಬೆಳ್ಳುಳ್ಳಿಯ ವಾಸನೆ ಘಮಘಮ ಎಂದಿತು.

ಸರ್ಜನ್ನರಿಗೆ ಸಿಟ್ಟು ಬಂತು. ಆ ನರ್ಸಿಂಗ್ ಹೋಮು ಅವರದೇ, ಅತ್ತೆಯ ಹಿಂದೆ ಇನ್ನೂ ಮೂರು ಕೇಸು ಕಾಯುತ್ತಿದ್ದವು. ತುರ್ತು ಕೇಸಿನಲ್ಲಿ ತುಂಬಿದ ಹೊಟ್ಟೆಯಲ್ಲೇ ಕೊಡುತ್ತೀರಲ್ಲ, ಲಗುಬಗೆಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿದರೆ ಆಯಿತಪ್ಪ ಎಂದರು. ಅದು ಬೇರೆ ದಾರಿ ಇಲ್ಲದವರಿಗೆ, ಈ ಕಲ್ಲು ಎರಡು ವರ್ಷದಿಂದ ಮದುವೆ ಊಟ ಉಂಡುಕೊಂಡು ಆರಾಮ ಕೂತಿದೆ, ನಾಳೆಯ ತನಕ ಕೂರಲಾರದೇ ಎಂದೆ. ಮನೆಯ ಜಗಳ ಮನೆಯಲ್ಲಿ ಇಟ್ಟುಕೊಳ್ಳಿ ಮೇಡಂ ಎಂದರು. ನಾನು ಟೇಬಲ್ಲಿನ ಪಕ್ಕದಿಂದ ಕದಲಲಿಲ್ಲ. ಕೊನೆಗೆ ಲಿಂಗಸುಗೂರಿನ ಸಹೋದ್ಯೋಗಿಯೇ ಸಿರಿಂಜಿಗೆ ಮುಚ್ಚಳ ಹಾಕಿ, ನಾನಂತೂ ಇವತ್ತು ಕೊಡುವುದಿಲ್ಲ ಎಂದು ಕೈಗವಸು ಬಿಚ್ಚಿದರು. ಅತ್ತೆಯನ್ನು ಹಾಗೇ ತಳ್ಳುಮಂಚದ ಮೇಲೆ ವಾರ್ಡಿಗೆ ವಾಪಸು ತಂದೆವು.

ಮಧ್ಯಾಹ್ನದೊಳಗೆ ಸುದ್ದಿ ಗೊರೇಬಾಳ, ಸಾಲಗುಂದ ಮುಟ್ಟಿತು. ಸೊಸೆ ಆಪರೇಷನ್ ನಿಲ್ಲಿಸಿದಳಂತೆ. ಅತ್ತೆ ಬದುಕುವುದು ಅವಳಿಗೆ ಬೇಕಿಲ್ಲವಂತೆ. ಫೋನಿನ ಮೇಲೆ ಫೋನು. ನಾದಿನಿ ವಾರ್ಡಿನ ಮೂಲೆಯಲ್ಲಿ ನಿಂತು ಸಣ್ಣ ದನಿಯಲ್ಲಿ, ಆದರೆ ನನಗೆ ಚೆನ್ನಾಗಿ ಕೇಳುವಂತೆ, ಒಬ್ಬೊಬ್ಬರಿಗೂ ವರದಿ ಒಪ್ಪಿಸುತ್ತಿದ್ದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಲ್ಲರೆದುರು ಮಾನ ಕಳೆದೆ ಎಂಬ ಸಿಟ್ಟು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಕೊಂಚ ಹೊತ್ತಿಗೆ ಅವರಿಗೆ ಪಕ್ಕೆನೋವು ಶುರುವಾಯಿತು. ಎಣ್ಣೆಯ ತಿಂಡಿ ಬಿದ್ದರೆ ಆ ಕಲ್ಲುಗಳು ಸುಮ್ಮನಿರುವುದಿಲ್ಲ. ಎದ್ದು ಕೂತವರೇ, ನಾನು ಬೇಸಿನ್ ಹಿಡಿಯುವುದರೊಳಗೆ ನನ್ನ ಕೈ, ಸೀರೆ, ನೆಲದ ಮೇಲೆಲ್ಲ ಕಾರಿಕೊಂಡರು. ಮಂಡಕ್ಕಿ, ಕಡಲೆಹಿಟ್ಟು, ಮೆಣಸಿನಕಾಯಿಯ ಸಿಪ್ಪೆ, ಅಗಿದದ್ದು ಅಗಿದ ಹಾಗೆಯೇ ಇತ್ತು. ಇಷ್ಟೂ ಶ್ವಾಸಕೋಶಕ್ಕೆ ಇಳಿಯಬೇಕಾಗಿದ್ದದ್ದು. ನನ್ನ ಕೈಯಲ್ಲಿ ಬಿದ್ದದ್ದನ್ನು ನೋಡುತ್ತ ಮಂಚದ ಅಂಚಿಗೆ ಕೂತುಬಿಟ್ಟೆ. ಈಗಲಾದರೂ ಇವರ ಕಣ್ಣು ತೆರೆಯುತ್ತವೆ ಎಂದುಕೊಂಡೆ.

‘ನೋಡ್ರಿ ವೈನಿ, ಖಾಲಿ ಹೊಟ್ಟಿಲೆ ಕೆಡವಿದ್ದಕ್ಕ ಪಿತ್ತ ಕೆದರ್ಯಾದ. ಇನ್ನಾ ನಾಕು ಮಿರ್ಚಿ ತಿನ್ನಿಸಿದ್ರ ಕಟ್ಟಿ ಹಿಡೀತಿತ್ತು’ ಎಂದು ನಾದಿನಿ ಅತ್ತಿಗೆಯಾದ ನನಗೆ ತಿಳಿಹೇಳಿದಳು.

ನಾನು ಗಂಡನ ಕಡೆ ತಿರುಗಿದೆ. ಜೀವಶಾಸ್ತ್ರ ಏನಾದರೂ ಹೇಳುತ್ತದೋ ಎಂದು ಕಾಯ್ದೆ. ಜೀವಶಾಸ್ತ್ರ ಫಿನಾಯಿಲ್ ತರುತ್ತೇನೆ ಎಂದು ಹೊರಗೆ ಹೋಯಿತು. ಹಿಂದೆಯೇ ನಾದಿನಿಯೂ ಹೋದಳು, ಸೋಮವಾರ ಎಂಜಲು ಮೈಲಿಗೆ ತುಳಿಯುವಂತಿಲ್ಲವಂತೆ.

ಒಳಗೆ ನಾವಿಬ್ಬರೇ ಉಳಿದೆವು. ಆಯಾ ನೆಲ ಒರೆಸಿ ಹೋದ ಮೇಲೆ ನಾನು ಅತ್ತೆಯ ಬಾಯಿ ತೊಳೆಸಿ, ಸೀರೆ ಬದಲಾಯಿಸಿ, ನೋವಿನ ಇಂಜೆಕ್ಷನ್ ಕೊಟ್ಟೆ. ಕೊಡುತ್ತಲೇ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನಾನು ಹೇಳಿದ್ದಕ್ಕೆ ಕಿಮ್ಮತ್ತಿಲ್ಲವೇ, ನಿಮ್ಮ ನಾಲಿಗೆಯ ಚಪಲಕ್ಕೆ ಸಾಯಬೇಕಿತ್ತೇ, ಇಷ್ಟು ವಯಸ್ಸಾಗಿ ಒಂದು ಹೊತ್ತು ತಡೆಯಲಾಗಲಿಲ್ಲವೇ ಎಂದೆ. ಅತ್ತೆ ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

‘ನಿಮ್ಮ ಮಾವ ಹಸಕೊಂಡು ಹೋದ್ರು’ ಎಂದರು.

ಮಾವನನ್ನು ನಾನು ನೋಡಿದವಳಲ್ಲ. ನಾನು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮುಂಚೆ ಅವರು ದೊಡ್ಡ ದವಾಖಾನೆಯಲ್ಲಿ ಕರುಳಿನ ಆಪರೇಷನ್ನಿನಲ್ಲಿ ತೀರಿಕೊಂಡರು ಎಂದಷ್ಟೇ ಗೊತ್ತಿತ್ತು. ಅವತ್ತು ಅತ್ತೆ ಮಿಕ್ಕದ್ದನ್ನು ಹೇಳಿದರು. ಬೆಳಿಗ್ಗೆ ಆಪರೇಷನ್ ಎಂದು ಮಾವನನ್ನು ಖಾಲಿ ಹೊಟ್ಟೆಯಲ್ಲಿ ಇಟ್ಟರಂತೆ. ಸಂಜೆಯ ತನಕ ಕಾಯಿಸಿ, ಡಾಕ್ಟರು ಬರಲಿಲ್ಲ, ನಾಳೆಗೆ ಎಂದರಂತೆ. ರಾತ್ರಿ ಒಂದು ಬಟ್ಟಲು ಗಂಜಿ. ಮರುದಿನ ಮತ್ತೆ ಖಾಲಿ ಹೊಟ್ಟೆ, ಮತ್ತೆ ಸಂಜೆ, ಮತ್ತೆ ನಾಳೆ. ಬಿಸಿಲುಗಾಲ, ನೀರು ಸಹ ಇಲ್ಲ. ಮೂರನೆಯ ದಿನ ಒಳಗೆ ಒಯ್ಯುವ ಮುಂಚೆ ಮಾವ ಅತ್ತೆಯ ಕೈ ಹಿಡಿದುಕೊಂಡು ಅರ್ಧ ರೊಟ್ಟಿ ಕೊಡು ಎಂದರಂತೆ.

‘ರೊಟ್ಟಿ ನನ್ನ ಮಡಲಾಗ ಇತ್ತವ್ವ. ಕೊಟ್ರ ಸಾಯ್ತೀರಿ, ಡಾಕ್ಟರು ಬ್ಯಾಡ ಅಂದಾರ ಅಂದೆ. ಕೊಡಲಿಲ್ಲ. ಕೊಡದಿದ್ರೂ ಸತ್ರು. ಆ ರೊಟ್ಟಿ ಏನು ಮಾಡಬೇಕಿತ್ತು ನಾನು? ಅವತ್ತ ಅಂದ್ಕೊಂಡೀನಿ, ನಾ ಮಾತ್ರ ಹಸಕೊಂಡು ಒಳಗ ಹೋಗಂಗಿಲ್ಲ ಅಂತ.’

ದಿನಾ ಮಂದಿಯ ಬಾಯಿ ಕಟ್ಟಿಸುವವಳು ನಾನೂ ಹೌದು. ಮಾವನಿಗೆ ನೀರನ್ನೂ ಕೊಡಗೊಡದ ಆ ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ಈ ಮೂರು ಊರುಗಳನ್ನೂ ಬೈದೆ. ನಮ್ಮ ಪುಸ್ತಕಗಳಲ್ಲಿ ಬರೆದಿರುವುದೇ ಬೇರೆ: ಕರಿದ ತಿಂಡಿಗೆ ಎಂಟು ತಾಸು, ಹಗುರ ತಿಂಡಿಗೆ ಆರು, ಬರಿಯ ನೀರು, ಸಕ್ಕರೆ ನೀರನ್ನು ಎರಡು ತಾಸು ಮುಂಚಿನ ತನಕವೂ ಧಾರಾಳವಾಗಿ ಕುಡಿಯಬಹುದು. ಆದರೆ ಇಲ್ಲಿ ಎಲ್ಲರಿಗೂ ಒಂದೇ ಹುಕುಂ, ರಾತ್ರಿ ಮಲಗಿದ ಮೇಲೆ ಏನೂ ಇಲ್ಲ. ಯಾಕೆಂದರೆ ಮತ್ತು ಕೊಡುವವರು ಎಷ್ಟೊತ್ತಿಗೆ ಮಸ್ಕಿ ದಾಟುತ್ತಾರೆ ಎಂದು ದೇವರಿಗೂ ಗೊತ್ತಿಲ್ಲ. ಕೊನೆಯ ಸರದಿಯ ಮುದುಕ ಲಿಂಗಸುಗೂರಿನಲ್ಲಿ ಸಂಜೆಯ ತನಕ ಬಾಯಿ ಒಣಗಿಸಿಕೊಂಡು ಕೂತಿರಬೇಕು, ನಾವು ಹೋಗಿ ಅವನನ್ನು, ಕದ್ದು ಚಹಾ ಕುಡಿದೆಯೇನು ಎಂದು ಗದರಿಸಬೇಕು. ಕುಡಿಯದೆ ಏನು ಮಾಡುತ್ತಾನೆ?

ಮರುದಿನಕ್ಕೆ ಅತ್ತೆಯದೇ ಮೊದಲ ಸರದಿ ಎಂದು ಸರ್ಜನ್ನರಿಂದ ಮಾತು ತೆಗೆದುಕೊಂಡೆ. ಲಿಂಗಸುಗೂರಿನವರಿಗೆ ಬೆಳಕು ಹರಿಯುವ ಮುಂಚೆ ಹೊರಡಬೇಕೆಂದು ಹೇಳಿದೆ. ನಾದಿನಿಯನ್ನು ಮನೆಗೆ ಕಳಿಸಿದೆ. ಗಂಡನನ್ನು ಕಾಲೇಜಿಗೆ ಕಳಿಸಿದೆ, ಅಲ್ಲಿ ಪಾಠ ಮಾಡಿದರೆ ಯಾರ ಜೀವಕ್ಕೂ ಅಪಾಯವಿಲ್ಲ. ಅತ್ತೆಯ ಮಂಚದ ಪಕ್ಕ ನಾನೇ ಮಲಗಿದೆ.

ಆಪರೇಷನ್ ಕೆಡಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಆ ಕಲ್ಲುಗಳು ಈಗ ನಮ್ಮ ಮನೆಯಲ್ಲಿ ಟೀವಿಯ ಪಕ್ಕ ಸಣ್ಣ ಬಾಟಲಿಯಲ್ಲಿವೆ. ಬಂದವರಿಗೆಲ್ಲ ಅತ್ತೆ ಅದನ್ನು ಅಲ್ಲಾಡಿಸಿ ಸದ್ದು ಕೇಳಿಸುತ್ತಾರೆ. ಆಪರೇಷನ್ ಸುಸೂತ್ರವಾದದ್ದು ನಾದಿನಿಯ ಶ್ರಾವಣ ಸೋಮವಾರದ ಫಲ ಎಂದು ಬಳಗದಲ್ಲಿ ತೀರ್ಮಾನವಾಗಿದೆ. ಸರ್ಜನ್ನರಿಗೆ ಶಾಲು, ತೆಂಗಿನಕಾಯಿ ಹೋಯಿತು. ಲಿಂಗಸುಗೂರಿನವರಿಗೂ ನನಗೂ ವಾಡಿಕೆಯಂತೆ ಏನೂ ಇಲ್ಲ. ಮೊದಲ ದಿನ ನಾನು ತಡೆದದ್ದರಿಂದ ಏನು ತಪ್ಪಿತು ಎಂದು ಯಾರಿಗೂ ತೋರಿಸಲು ಬರುವುದಿಲ್ಲ. ಆಗದೇ ಹೋದದ್ದನ್ನು ಬಾಟಲಿಯಲ್ಲಿ ಹಾಕಿ ಅಲ್ಲಾಡಿಸಲಾಗುವುದಿಲ್ಲ. ಹಾಗಾಗಿ ಗೊರೇಬಾಳದವರ ಪ್ರಕಾರ ನಾನು ಒಂದು ದಿನ ಸುಮ್ಮನೆ ಗಲಾಟೆ ಮಾಡಿದವಳು.

ಅವರಿಗೆ ಗೊತ್ತಿಲ್ಲದ್ದು ಎರಡನೆಯ ದಿನದ ಮುಂಜಾನೆ.

ಇನ್ನೂ ಮಬ್ಬುಗತ್ತಲಿತ್ತು, ಆಪರೇಷನ್‌ಗೆ ಮೂರು ತಾಸು ಬಾಕಿ. ಅತ್ತೆಗೆ ಸಕ್ಕರೆ ಕಾಯಿಲೆ ಇಲ್ಲ, ಒಂದು ಲೋಟ ಸಕ್ಕರೆ ನೀರು ಕಲೆಸಿ ತಂದೆ. ಇದು ನಡೆಯುತ್ತದೆ, ಇದಕ್ಕೆ ಶಾಸ್ತ್ರ ಇದೆ ಎಂದೆ. ಅವರು ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದರು. ಅರ್ಧ ರೊಟ್ಟಿ ಕೊಡುತ್ತೀಯಾ ಎಂದು ಕೇಳಿದರು. ಚಪಲದ ದನಿಯಲ್ಲ, ಜಗಳದ ದನಿಯೂ ಅಲ್ಲ. ಹಸಿವೆಯಾಗಿತ್ತು, ಅಂಜಿಕೆಯಾಗಿತ್ತು, ಕೇಳಿದರು. ಕೊಡುವುದಿಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದು ಲೋಟ ನನ್ನ ಕೈಗೆ ಕೊಟ್ಟರು.

ನಾನೂ ಒಳಗೆ ಬರಬೇಕು ಎಂದು ಅತ್ತೆಯೇ ಹೇಳಿದ್ದರಿಂದ ಟೇಬಲ್ಲಿನ ತಲೆಯ ಕಡೆ ನಿಂತೆ. ಲಿಂಗಸುಗೂರಿನ ಸಹೋದ್ಯೋಗಿ ಈ ಸಲ ಮರ್ಯಾದೆ ಬಿಟ್ಟು ಬಾಯಿಬಿಟ್ಟು ಕೇಳಿದರು. ಅತ್ತೆ ರಾತ್ರಿ ಉಂಡ ಮೆತ್ತಗಿನ ಅನ್ನದಿಂದ ಹಿಡಿದು ಸಕ್ಕರೆ ನೀರಿನ ತನಕ ಒಂದೂ ಬಿಡದೆ ಹೇಳಿದರು, ನಿನ್ನೆ ಸುಳ್ಳು ಹೇಳಿದ್ದೆ ಎಂದು ಅದನ್ನೂ ಸೇರಿಸಿದರು. ಮುಖದ ಮೇಲೆ ಆಮ್ಲಜನಕದ ಮಾಸ್ಕು ಇಡುವ ಮುಂಚೆ ಕೈ ಎತ್ತಿ ನನ್ನ ಮುಂಗೈ ಹಿಡಿದುಕೊಂಡರು.

‘ನಾ ಹೊಳ್ಳಿ ಬರಲಿಲ್ಲಂದ್ರ, ಅತ್ತೀಗೆ ರೊಟ್ಟಿ ಕೊಡಲಿಲ್ಲ ಅನ್ನೋ ತಪ್ಪು ನಿನ್ನ ಮ್ಯಾಲ ತಗೋಬ್ಯಾಡವ್ವ. ನಾ ತಗೊಂಡು ಇಷ್ಟು ವರ್ಷ ಆತು. ನಮ್ಮ ಮನ್ಯಾಗ ಒಬ್ಬಾಕಿ ಸಾಕು’ ಎಂದರು.

ಸಹೋದ್ಯೋಗಿ ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಔಷಧ ಹೋಯಿತು. ಅತ್ತೆಯ ಹಿಡಿತ ನನ್ನ ಮುಂಗೈ ಮೇಲೆ ಸಡಿಲವಾಯಿತು. ಅಳುತ್ತಲೇ ಅವರ ಗದ್ದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಉಸಿರಿಗೆ ದಾರಿ ಮಾಡಿಕೊಟ್ಟೆ.